ಥ್ರಿಲ್ಲರ್‌ನ ಮೊದಲ ಎರಡು ನಿಮಿಷ: ರೆಡಿಂಗ್‌ನ ಒಂದು ಲಾಂಡ್ರೆಟ್‌ನಲ್ಲಿ

ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿಯಲ್ಲಿ ಎ.ಎಸ್. ಲೆವೆಲ್ (ನಮ್ಮ ಮೊದಲ ಪಿಯುಸಿಯ ಹಂತ) ಮೀಡಿಯಾ ಸ್ಟಡೀಸ್ ಓದುತ್ತ ವಿಡಿಯೊ ಆರಿಸಿಕೊಂಡವರಿಗೆ ಆಗ ಮುಖ್ಯವಾಗಿ ಒಂದೇ ಕೆಲಸ. ಹೊಸದೊಂದು ಕಥಾಚಿತ್ರದ ಆರಂಭವನ್ನು ಟೈಟಲ್‌ಗಳ ಸಮೇತ ಮಾಡಿ ಒಪ್ಪಿಸಬೇಕು, ಅವಧಿ ಹೆಚ್ಚೆಂದರೆ 2 ನಿಮಿಷ. ಇಡೀ ಚಿತ್ರ ಬೇಡ, ಆರಂಭ ಮಾತ್ರ. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. ಚಿತ್ರವೂ ಸದ್ದೂ ಸ್ವಂತದ್ದೇ ಆಗಿರಬೇಕು. ಸಂಗೀತ ಮತ್ತು ಸದ್ದಿನ ಪರಿಣಾಮಗಳನ್ನು ಮಾತ್ರ ಹಕ್ಕುಸ್ವಾಮ್ಯದ ತೊಡಕಿಲ್ಲದ ಕಡೆಯಿಂದ ತರಬಹುದು. 100 ಅಂಕಗಳಲ್ಲಿ ಯೋಜನೆಗೆ 20, ಚಿತ್ರಕ್ಕೆ 60, ಕೊನೆಯಲ್ಲಿ ಉತ್ತರಿಸಬೇಕಾದ ಏಳು ಪ್ರಶ್ನೆಗಳಿಗೆ 20. ಆ ಏಳರಲ್ಲಿ ಮೊದಲನೆಯದೇ ಎಲ್ಲರನ್ನೂ ಕಾಡುತ್ತಿದ್ದ ಪ್ರಶ್ನೆ: ಈಗಾಗಲೇ ಇರುವ ಚಿತ್ರಗಳ ರೂಢಿಗಳನ್ನು ನಿಮ್ಮ ಚಿತ್ರ ಎಲ್ಲಿ ಬಳಸಿಕೊಂಡಿದೆ, ಎಲ್ಲಿ ಬೆಳೆಸಿದೆ, ಎಲ್ಲಿ ಎದುರಿಸಿದೆ?

ದಾವಣಗೆರೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಅಪ್ಪನ ಕೆಲಸದ ನಿಮಿತ್ತ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿಗೆ ಬಂದ ನಾನು 2013–14ರಲ್ಲಿ ಈ ಕೆಲಸ ಮಾಡಿದೆ. ಗುಂಪಿನಲ್ಲಿ ಕ್ಯಾಮೆರಾ ಹಿಡಿದವಳು ಒಬ್ಬಳು, ಪೋಲೆಂಡಿನಿಂದ ಬಂದಿದ್ದ ಹುಡುಗನೊಬ್ಬ, ನಟನೆಯಲ್ಲಿ ಪಳಗಿದ್ದ ಇನ್ನೊಬ್ಬಳು, ಎಡಿಟಿಂಗ್‌ಗೆ ನಾನು. ಥ್ರಿಲ್ಲರ್ ಮಾಡೋಣವೆಂದು ನಿರ್ಧರಿಸಲು ಹೆಚ್ಚು ಮಾತೇನೂ ಬೇಕಾಗಲಿಲ್ಲ. ಆ ವಯಸ್ಸಿನವರ ಕೈಗೆ ನಿಜಕ್ಕೂ ಎಟಕುವ ಜಾನರ್ (ಚಿತ್ರದ ಪ್ರಕಾರ) ಅದು. ವೈಜ್ಞಾನಿಕ ಕಥೆಗೆ ಸೆಟ್ ಬೇಕು, ಚಾರಿತ್ರಿಕ ಕಥೆಗೆ ಉಡುಪು ಬೇಕು; ಥ್ರಿಲ್ಲರ್‌ಗೆ ಒಂದು ಕೋಣೆ, ಇಬ್ಬರು ಮನುಷ್ಯರು, ಅವರಲ್ಲಿ ಒಬ್ಬರಿಗೆ ಗೊತ್ತಿಲ್ಲದ ಒಂದು ಸಂಗತಿ ಇದ್ದರೆ ಸಾಕು.

ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆದರೆ ತರಗತಿಯ ಬಿಳಿ ಹಲಗೆಯ ಮೇಲೆ ಮೊದಲ ದಿನ ತುಂಬಿದ್ದ ಪಟ್ಟಿ ಬೇರೆಯೇ ಇತ್ತು. ಟೋಪಿ ಮುಂದೆಳೆದು ಮುಖ ಮುಚ್ಚಿಕೊಂಡ ಮನುಷ್ಯ, ರಸ್ತೆಯಡಿಯ ಸುರಂಗದಾರಿ, ಬಹುಮಹಡಿ ಕಾರ್ ಪಾರ್ಕ್, ಮಿಣಿಮಿಣಿ ಎನ್ನುವ ಟ್ಯೂಬ್‌ಲೈಟ್, ಸಿಗ್ನಲ್ ಸಿಗದ ಫೋನು, ತಿರುತಿರುಗಿ ನೋಡುತ್ತ ಓಡುವ ಹುಡುಗಿ, ಅಲುಗಾಡುವ ಕ್ಯಾಮೆರಾ, ಎದೆಬಡಿತದ ಸದ್ದು. ಮಿಸ್ (ಅಲ್ಲಿ ಮೇಡಂಗಳನ್ನು ಹಾಗೆಯೇ ಕರೆಯುತ್ತೇವೆ) ಎಲ್ಲವನ್ನೂ ಬರೆದುಕೊಂಡು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಯಾವುದು ನೋಡುವವರಿಗೆ ಏನನ್ನಾದರೂ ತಿಳಿಸುತ್ತದೆ, ಯಾವುದು ಮುಚ್ಚಿಡುತ್ತದೆ?"

ಹಲಗೆಯ ಮೇಲಿದ್ದ ಬಹುಪಾಲು ಸಂಗತಿಗಳು ಎರಡನ್ನೂ ಮಾಡುತ್ತಿರಲಿಲ್ಲ. ಅವು ಕಣ್ಣಿಗೆ ಕಾಣುವ ರೂಢಿಗಳು. ಇದು ಥ್ರಿಲ್ಲರ್ ಎಂದು ಗುರುತು ಹಿಡಿಯಲು ನೆರವಾಗುತ್ತವೆ, ಅಷ್ಟೇ. ಅವುಗಳ ಅಡಿಯಲ್ಲಿ ಕಥೆ ನಡೆಸುವ ರೂಢಿಗಳು ಬೇರೆ ಇವೆ: ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಗುತ್ತದೆ, ಎಷ್ಟು ಹೊತ್ತು ಉಳಿದಿದೆ. ಫ್ರೆಂಚ್ ವಿಮರ್ಶಕ ರೊಲಾನ್ ಬಾರ್ತ್ 1970ರಲ್ಲಿ ಹೇಳಿದ ಒಗಟಿನ ಸಂಕೇತವನ್ನು ನಾವು ಪರೀಕ್ಷೆಗೆಂದು ಓದಿದ್ದೆವು. ಕಥೆ ಒಂದು ಪ್ರಶ್ನೆ ಎತ್ತಿ, ಉತ್ತರವನ್ನು ತಡೆದು ತಡೆದು ಕೊಡುತ್ತದೆ ಎಂಬ ಮಾತು. ಹಲಗೆಯ ಮುಂದೆ ನಿಂತಾಗ ಅದಕ್ಕೆ ಅರ್ಥ ಬಂತು. ಸ್ಟೀವ್ ನೀಲ್ ಎಂಬ ಬ್ರಿಟಿಷ್ ವಿದ್ವಾಂಸರು, ಜಾನರ್ ಎನ್ನುವುದು ಪುನರಾವರ್ತನೆಯೂ ಹೌದು, ವ್ಯತ್ಯಾಸವೂ ಹೌದು ಎಂದು ವಾದಿಸಿದ್ದಾರೆ. ನಾನು ಅದನ್ನು ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ: ಒಳಗಿನ ರೂಢಿಯನ್ನು ಬಿಗಿಯಾಗಿ ಹಿಡಿದುಕೊಂಡರೆ, ಹೊರಗಿನದನ್ನು ಧಾರಾಳವಾಗಿ ಬದಲಿಸಬಹುದು. ನಮ್ಮ ಎರಡು ನಿಮಿಷ ನಿಂತದ್ದು ಈ ಒಂದು ಮಾತಿನ ಮೇಲೆ.

ಕಥೆ ಹುಟ್ಟಿದ್ದು ನಮ್ಮ ಮನೆಯಲ್ಲಿ. ಅಲ್ಲಿನ ಶಾಲೆಗಳಲ್ಲಿ ಮಕ್ಕಳ ಸ್ವೆಟರು, ಕೋಟುಗಳಿಗೆ ಹೆಸರಿನ ಪಟ್ಟಿ ಹೊಲಿದು ಕಳಿಸುವ ಪದ್ಧತಿಯಿದೆ. ಬಿಳಿ ಟೇಪಿನ ಮೇಲೆ ಕೆಂಪು ದಾರದಲ್ಲಿ ಹೆಸರು ನೇಯ್ದಿರುತ್ತಾರೆ. ಅಮ್ಮ ತಮ್ಮನ ಸ್ವೆಟರಿಗೆ ಅದನ್ನು ಹೊಲಿಯುತ್ತಿದ್ದಾಗ ಅಪ್ಪ ಊರಿನ ಮಾತು ತೆಗೆದರು. "ಮಡಿವಾಳರು ಬಟ್ಟೆ ಅಂಚಿಗೆ ಕಾಡುಗೇರಿನ ಕಪ್ಪಲ್ಲಿ ಗುರುತು ಹಾಕ್ತಿದ್ರಲ್ಲ, ಎಷ್ಟು ಒಗೆದ್ರೂ ಹೋಗ್ತಿರಲಿಲ್ಲ. ಹೆಸರು ಗೊತ್ತಿಲ್ಲದ ಹೆಣ ಸಿಕ್ಕಿದ್ರೆ ಪೊಲೀಸರು ಬಟ್ಟೇಲಿ ಅದನ್ನೇ ಹುಡುಕೋರು." ಅಮ್ಮ ಸೂಜಿ ನಿಲ್ಲಿಸಿ, "ಮಗು ಬಟ್ಟೆ ಹೊಲಿಯೋವಾಗ ಎಂಥಾ ಮಾತು ಅಂತ ಆಡ್ತೀರಿ" ಎಂದು ಗದರಿದರು. ನನಗೆ ಅಷ್ಟು ಸಾಕಾಯಿತು. ಬಟ್ಟೆಯ ಮೇಲಿನ ಹೆಸರು ಬಟ್ಟೆಯ ಒಡೆಯನನ್ನು ಬಿಟ್ಟು ಬೇರೆಡೆ ಹೋದರೆ ಅದೇ ಒಂದು ಅಪರಾಧ ಕಥೆ.

ಗುಂಪಿನವರೊಂದಿಗೆ ಕೂತು ಕಟ್ಟಿದ ಕಥೆ ಹೀಗಿತ್ತು. ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರೆಟ್, ಸಂಜೆ ಹೊತ್ತು, ಹುಡುಗಿಯೊಬ್ಬಳ ಬಟ್ಟೆ ಒಗೆದಾಗಿದೆ, ಒಣಗಿಸಲು ಯಂತ್ರ ಖಾಲಿಯಿಲ್ಲ. ಒಂದು ಡ್ರೈಯರ್ ಕೆಲಸ ಮುಗಿಸಿ ನಿಂತಿದೆ, ಆದರೆ ಬಟ್ಟೆಯವನು ಅಲ್ಲಿಲ್ಲ. ಇಂಥ ಹೊತ್ತಿನಲ್ಲಿ ಅಲ್ಲಿ ಜನ ಆ ಬಟ್ಟೆಗಳನ್ನು ತೆಗೆದು ಬುಟ್ಟಿಯಲ್ಲಿಡುತ್ತಾರೆ. ಅವಳೂ ಹಾಗೆಯೇ ಮಾಡುತ್ತಾಳೆ. ಎಲ್ಲವೂ ದೊಡ್ಡ ಗಂಡಸಿನ ಅಂಗಿಗಳು, ನಡುವೆ ಒಂದು ಪುಟ್ಟ ಶಾಲಾ ಸ್ವೆಟರು. ಕೊರಳ ಪಟ್ಟಿಯಲ್ಲಿ 'ಇ. ಮಾರ್ಷ್' ಎಂಬ ಹೆಸರು. ಅವಳು ಅದನ್ನು ನೋಡಿ, ಮಡಿಸಿ, ಬುಟ್ಟಿಯಲ್ಲಿಡುತ್ತಾಳೆ. ಆದರೆ ಗೋಡೆಯ ನೋಟಿಸ್ ಬೋರ್ಡಿನಲ್ಲಿ, ಬಾಡಿಗೆ ಕೋಣೆ ಮತ್ತು ಗಿಟಾರ್ ಪಾಠದ ಚೀಟಿಗಳ ನಡುವೆ, ಎಲೀ ಮಾರ್ಷ್ ಎಂಬ ಮಗು ಕಾಣೆಯಾಗಿದೆಯೆಂಬ ಮಾಸಲು ಪೋಸ್ಟರ್ ಇರುವುದನ್ನು ಪ್ರೇಕ್ಷಕರು ಆಗಲೇ ಕಂಡಿರುತ್ತಾರೆ. ಬಾಗಿಲಿನ ಗಂಟೆ ಸದ್ದಾಗುತ್ತದೆ. ಬಟ್ಟೆಯವನು ಬರುತ್ತಾನೆ, ನಗುತ್ತಾನೆ, ಮಡಿಸಿಟ್ಟದ್ದಕ್ಕೆ ಥ್ಯಾಂಕ್ಸ್ ಹೇಳುತ್ತಾನೆ.

ಚಾಕುವಿಲ್ಲ, ಬಂದೂಕಿಲ್ಲ, ರಕ್ತವಿಲ್ಲ. ಇದರ ಹಿಂದೆ ಒಂದು ವ್ಯಾವಹಾರಿಕ ಕಾರಣವೂ ಇತ್ತು. ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ನಕಲಿ ಬಂದೂಕು ಹಿಡಿದು ಓಡಾಡುವುದೂ ಅಲ್ಲಿ ಅಪರಾಧ. ಅಲ್ಲದೆ, ಪ್ರತಿ ಚಿತ್ರೀಕರಣಕ್ಕೂ ಮುಂಚೆ ಅಪಾಯಗಳ ಪಟ್ಟಿ ಬರೆದು ಸಹಿ ಹಾಕಿಸಬೇಕಿತ್ತು. ನಮ್ಮ ಪಟ್ಟಿಯಲ್ಲಿ ಇದ್ದದ್ದು ಒದ್ದೆ ನೆಲ ಮತ್ತು ವಿದ್ಯುತ್ ವೈರು.

ಬೆಳಕಿನ ವಿಷಯದಲ್ಲಿ ಗುಂಪಿನಲ್ಲಿ ದೀರ್ಘ ವಾದ ನಡೆಯಿತು. ಥ್ರಿಲ್ಲರ್ ಎಂದರೆ ಕತ್ತಲು ಎಂಬುದಕ್ಕೆ ಗಟ್ಟಿ ಚರಿತ್ರೆಯಿದೆ. 1920ರ ದಶಕದ ಜರ್ಮನ್ ಚಿತ್ರಗಳ ಚೂಪು ನೆರಳುಗಳು, ಅಲ್ಲಿಂದ ಹಾಲಿವುಡ್‌ಗೆ ಹೋದ ನಿರ್ದೇಶಕರು ಮತ್ತು ಛಾಯಾಗ್ರಾಹಕರು, 1940ರ ದಶಕದ ಕಪ್ಪು-ಬಿಳುಪು ಅಪರಾಧ ಚಿತ್ರಗಳು. ಆ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ನೆರಳುಗಳು ಬೆಳಕಿಲ್ಲದೆ ಆದವಲ್ಲ, ಬಹಳ ಬೆಳಕನ್ನು ಬಹಳ ಎಚ್ಚರದಿಂದ ಕತ್ತರಿಸಿ ಮಾಡಿದವು. ಶಾಲೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕತ್ತಲ ಗಲ್ಲಿಯನ್ನು ಹಾಗೆಯೇ ಹಿಡಿದರೆ ಕಾಣುವುದು ನೆರಳಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದ್ದಕ್ಕೆ ಎದ್ದ ಮರಳು ಮರಳಾದ ಚುಕ್ಕೆಗಳು. ಲಾಂಡ್ರೆಟ್ ಪೂರ್ತಿ ಬೆಳಗಿರುತ್ತದೆ. ಅಲ್ಲಿ ಅಡಗಲು ಮೂಲೆಯೇ ಇಲ್ಲ. ಎಲ್ಲವೂ ಕಾಣುತ್ತಿದ್ದು, ಕಾಣಬೇಕಾದ ಒಂದು ಮಾತ್ರ ಒಬ್ಬಳ ಕಣ್ಣಿಗೆ ಬೀಳದಿರುವುದು ಕತ್ತಲಿಗಿಂತ ಹೆಚ್ಚು ಭಯಂಕರವೆಂದು ನಾನು ಹಟ ಹಿಡಿದೆ. ಕ್ಯಾಮೆರಾದವಳು ಒಪ್ಪಿದಳು, ಒಂದು ಷರತ್ತಿನೊಂದಿಗೆ: ಕಿಟಕಿಯಾಚೆ ಪೂರ್ತಿ ಕತ್ತಲಿರಬೇಕು. ಡಿಸೆಂಬರಿನ ರೆಡಿಂಗ್‌ನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವುದರಿಂದ ಅದು ಕಷ್ಟವಾಗಲಿಲ್ಲ. ಅಂಗಡಿಯವರು ಭಾನುವಾರದ ಕೊನೆಯ ಗಿರಾಕಿ ಹೋದ ಮೇಲೆ ಬನ್ನಿ ಎಂದರು.

ಟ್ಯೂಬ್‌ಲೈಟ್ ಕೆಳಗೆ ಚಿತ್ರೀಕರಿಸುವವರಿಗೆ ಉಪಯೋಗಕ್ಕೆ ಬರುವ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ವಿದ್ಯುತ್ 50 ಹರ್ಟ್ಸ್. ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ ವೇಗವನ್ನು 1/50ಕ್ಕೆ ನಿಲ್ಲಿಸಿದರೆ ಚಿತ್ರದಲ್ಲಿ ಪಟ್ಟೆಗಳು ಬರುವುದಿಲ್ಲ. ಯಂತ್ರಗಳ ದುಂಡನೆಯ ಗಾಜಿನಲ್ಲಿ ಕ್ಯಾಮೆರಾದವಳ ಪ್ರತಿಬಿಂಬ ಬೀಳುವುದನ್ನು ತಪ್ಪಿಸಲು ಅವಳು ಕಪ್ಪು ಬಟ್ಟೆ ಹೊದ್ದು, ಓರೆಯಾಗಿ ನಿಂತಳು.

ಹೆಣ್ಣಿನ ವಿಷಯಕ್ಕೆ ಬರುತ್ತೇನೆ. ಈ ಜಾನರ್‌ನಲ್ಲಿ ನನ್ನನ್ನು ಬಹಳ ದಿನದಿಂದ ಕೆಣಕುತ್ತಿದ್ದ ರೂಢಿಯದು. ಎಷ್ಟೋ ಥ್ರಿಲ್ಲರ್‌ಗಳ ಆರಂಭದಲ್ಲಿ ಒಂಟಿ ಹುಡುಗಿಯೊಬ್ಬಳನ್ನು ಕ್ಯಾಮೆರಾ ಹಿಂದಿನಿಂದ, ಕಿಟಕಿಯಿಂದ, ಗಿಡದ ಮರೆಯಿಂದ ನೋಡುತ್ತದೆ. ನಾವೂ ಕೊಲೆಗಾರನ ಕಣ್ಣಿನಿಂದಲೇ ಅವಳನ್ನು ನೋಡುತ್ತ ಕೂರುತ್ತೇವೆ. ಬ್ರಿಟಿಷ್ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರ ತಮ್ಮ ಪ್ರಬಂಧದಲ್ಲಿ, ಸಿನಿಮಾದಲ್ಲಿ ನೋಡುವ ಅಧಿಕಾರ ಗಂಡಿನದು, ನೋಡಿಸಿಕೊಳ್ಳುವ ಪಾಡು ಹೆಣ್ಣಿನದು ಎಂದು ತೋರಿಸಿದ್ದು ಇದೇ ಬಗೆಯ ನೋಟವನ್ನು. ನಮ್ಮ ಚಿತ್ರದಲ್ಲೂ ಒಬ್ಬಳೇ ಹುಡುಗಿ ಇದ್ದಳು. ಪೋಲೆಂಡಿನ ಗೆಳೆಯನಿಗೆ ರಸ್ತೆಯಿಂದ ಗಾಜಿನ ಮೂಲಕ ಅವಳನ್ನು ನೋಡುವ ಒಂದು ಶಾಟ್ ಬೇಕಿತ್ತು. ಹೊರಗಿನ ಕತ್ತಲು, ಒಳಗಿನ ಬೆಳಕು, ನಡುವೆ ಮಳೆಹನಿ. ತೆಗೆದೆವು, ಚೆನ್ನಾಗಿಯೂ ಬಂತು. ಎಡಿಟಿಂಗ್‌ನಲ್ಲಿ ಅದನ್ನು ಕೈಬಿಟ್ಟೆ. ಅದು ಇದ್ದರೆ ನೋಡುವವರು ತಕ್ಷಣ 'ಯಾರೋ ಅವಳನ್ನು ಹಿಂಬಾಲಿಸುತ್ತಿದ್ದಾರೆ' ಎಂದುಕೊಳ್ಳುತ್ತಾರೆ, ಆದರೆ ನಮ್ಮ ಕಥೆಯಲ್ಲಿ ಯಾರೂ ಅವಳನ್ನು ಹಿಂಬಾಲಿಸುತ್ತಿಲ್ಲ. ಜಾನರ್‌ನ ಒಂದೊಂದು ರೂಢಿಯೂ ಪ್ರೇಕ್ಷಕರಿಗೆ ಕೊಟ್ಟ ಮಾತು. ನಡೆಸಲಾಗದ ಮಾತನ್ನು ಕೊಡಬಾರದು. ಹಾಗಾಗಿ ಕ್ಯಾಮೆರಾ ಕೊನೆಯವರೆಗೂ ಅವಳ ಪಕ್ಕದಲ್ಲೇ ಉಳಿಯಿತು, ಹೆಚ್ಚಾಗಿ ಅವಳ ಕೈಗಳ ಎತ್ತರದಲ್ಲಿ.

ಸದ್ದಿನ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಹೆಚ್ಚಿನ ಗುಂಪುಗಳು ಎದೆಬಡಿತವನ್ನೋ ಗಡಿಯಾರದ ಟಿಕ್ ಟಿಕ್ ಅನ್ನೋ ಮೇಲಿನಿಂದ ಹಾಕುತ್ತಿದ್ದವು. ನಾವು ಲಾಂಡ್ರೆಟ್‌ನೊಳಗೇ ಹುಡುಕಿದೆವು. ತಿರುಗುವ ಡ್ರಮ್ಮಿನಲ್ಲಿ ಜಿಪ್ ಇರುವ ಜಾಕೆಟ್ ಹಾಕಿದರೆ, ಸುತ್ತಿಗೊಮ್ಮೆ ಜಿಪ್ಪಿನ ಲೋಹ ಉಕ್ಕಿಗೆ ತಾಗಿ 'ಟಕ್' ಎನ್ನುತ್ತದೆ. ನಮ್ಮ ಗಡಿಯಾರ ಅದೇ ಆಯಿತು. ಕಪ್ಪು ಪರದೆಯ ಮೇಲೆ ಮೊದಲು ಬರುವುದೂ ಆ ಟಕ್ ಸದ್ದೇ, ಆಮೇಲೆ ಚಿತ್ರ. ಬಟ್ಟೆಯವನ ಇನ್ನೊಂದು ಕಂತು ಪಕ್ಕದ ಯಂತ್ರದಲ್ಲಿ ಇನ್ನೂ ತಿರುಗುತ್ತಿದೆ, ಅದರ ಮೇಲೆ ಉಳಿದ ನಿಮಿಷಗಳ ಅಂಕಿ: 3, 2, 1. ಅದು ನಿಂತಾಗ ಅವನು ಬರುತ್ತಾನೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೊತ್ತು ಮುಗಿಯುತ್ತಿದೆ ಎನ್ನುವುದು ಥ್ರಿಲ್ಲರ್‌ನ ಹಳೆಯ ರೂಢಿ; ಆ ರೂಢಿ ಬಟ್ಟೆ ಒಗೆಯುವ ಯಂತ್ರದಲ್ಲಿ ಯಾರೂ ಕರೆಯದೆಯೇ ಬಂದು ಕೂತಿತ್ತು. ಅವಳು ಹೆಸರಿನ ಪಟ್ಟಿ ನೋಡುವ ಕ್ಷಣದಲ್ಲಿ ಟಕ್ ಸದ್ದು ಒಂದು ಸುತ್ತು ತಪ್ಪುತ್ತದೆ. ಕಂಪ್ಯೂಟರಿನಲ್ಲಿ ನಾವೇ ಮಾಡಿಕೊಂಡ ಒಂದು ತಗ್ಗು ಸ್ವರ ಆಗ ಮೆಲ್ಲನೆ ಏಳುತ್ತದೆ. ಇಡೀ ಚಿತ್ರದಲ್ಲಿ ಸಂಗೀತವೆಂದು ಇರುವುದು ಅಷ್ಟೇ. ಸುನೀಲ್ ಕುಮಾರ್ ದೇಸಾಯಿ ಅವರ 'ತರ್ಕ' (1989) ಹಾಡುಗಳೇ ಇಲ್ಲದ ಕನ್ನಡ ಥ್ರಿಲ್ಲರ್. ಅಪ್ಪ ಮೆಚ್ಚಿ ಮೆಚ್ಚಿ ತೋರಿಸಿದ ಚಿತ್ರ. ಯಾವುದನ್ನು ಹಾಕಬೇಕು ಎನ್ನುವಷ್ಟೇ ಯಾವುದನ್ನು ಬಿಡಬೇಕು ಎನ್ನುವುದೂ ಜಾನರ್‌ನ ತೀರ್ಮಾನ ಎಂದು ನನಗೆ ಮೊದಲು ಅನ್ನಿಸಿದ್ದು ಅದನ್ನು ನೋಡಿ.

ಎಡಿಟಿಂಗ್ ಮೇಜಿನ ಮುಂದೆ ಉಳಿದ ದೊಡ್ಡ ಪ್ರಶ್ನೆ ಪೋಸ್ಟರಿನದು. ಅದನ್ನು ಯಾವಾಗ ತೋರಿಸಬೇಕು? ಎರಡು ರೀತಿಯಲ್ಲಿ ಜೋಡಿಸಿ, ತರಗತಿಯವರಿಗೆ ಬೇರೆ ಬೇರೆ ಗುಂಪು ಮಾಡಿ ತೋರಿಸಿದೆ.

ಮೊದಲ ಜೋಡಣೆಯಲ್ಲಿ ಸ್ವೆಟರು ಮುಂಚೆ, ಪೋಸ್ಟರು ಆಮೇಲೆ. ಅವಳು ಹೆಸರು ಓದುತ್ತಾಳೆ, ಮಡಿಸುತ್ತಾಳೆ, ಗಂಡಸು ಬಂದು ಬುಟ್ಟಿ ಎತ್ತಿಕೊಳ್ಳುತ್ತಾನೆ, ಅವನ ಹೆಗಲ ಹಿಂದೆ ಪೋಸ್ಟರಿನ ಹೆಸರು ಸ್ಪಷ್ಟವಾಗುತ್ತದೆ. ನೋಡಿದವರು 'ಓ!' ಎಂದರು. ಆದರೆ ಆ ಉದ್ಗಾರಕ್ಕೆ ಮುಂಚಿನ ನಿಮಿಷವೆಲ್ಲ ಅವರು ಕುರ್ಚಿಗೆ ಒರಗಿ, ಯಾರೋ ಬಟ್ಟೆ ಮಡಿಸುವುದನ್ನು ನೋಡುತ್ತ ಕೂತಿದ್ದರು.

ಎರಡನೆಯದರಲ್ಲಿ ಟೈಟಲ್‌ಗಳು ಬರುತ್ತಿರುವಾಗಲೇ, ಗಿಟಾರ್ ಪಾಠದ ಚೀಟಿಯ ಪಕ್ಕದಲ್ಲಿ, ಪೋಸ್ಟರ್ ಎರಡು ಸೆಕೆಂಡು ಕಾಣಿಸಿಕೊಂಡು ಹೋಗುತ್ತದೆ. ಅದಕ್ಕೆ ವಿಶೇಷ ಒತ್ತು ಇಲ್ಲ. ಆಮೇಲೆ ಸ್ವೆಟರು. ಹೆಸರು ಕಂಡ ಕೂಡಲೇ ನೋಡುತ್ತಿದ್ದವರ ಬೆನ್ನು ನೆಟ್ಟಗಾಯಿತು. ಅಲ್ಲಿಂದಾಚೆ ಅದೇ ಬಟ್ಟೆ ಮಡಿಸುವ ದೃಶ್ಯ, ಅದೇ ಶಾಟ್‌ಗಳು. ಆದರೆ ಪ್ರತಿ ಮಡಿಕೆಯೂ ಹೊರೆಯಾಯಿತು. ಬಾಗಿಲ ಗಂಟೆಯಾದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಪರದೆಗೆ ಹೇಳಿದಳು: "ಏನೂ ಕೇಳಬೇಡ, ಸುಮ್ಮನೆ ಹೊರಟುಬಿಡು."

ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಅವರೊಂದಿಗಿನ ಸಂದರ್ಶನದಲ್ಲಿ ಕೊಟ್ಟ ಉದಾಹರಣೆ ಸಿನಿಮಾ ಓದುವವರಿಗೆಲ್ಲ ಬಾಯಿಪಾಠ. ಮೇಜಿನ ಕೆಳಗೆ ಬಾಂಬಿದೆ. ನೋಡುವವರಿಗೆ ಗೊತ್ತಿಲ್ಲದೆ ಅದು ಸಿಡಿದರೆ 15 ಸೆಕೆಂಡಿನ ಅಚ್ಚರಿ. ಮುಂಚೆಯೇ ಗೊತ್ತಿದ್ದರೆ 15 ನಿಮಿಷಗಳ ಸಸ್ಪೆನ್ಸ್. ನಾನದನ್ನು ಪರೀಕ್ಷೆಗೆ ಬರೆದೂ ಇದ್ದೆ. ಒಂದು ಶಾಟನ್ನು ಎಡಿಟಿಂಗ್ ಟೈಮ್‌ಲೈನಿನಲ್ಲಿ ಎಡಕ್ಕೆ, ಅಂದರೆ ಮುಂಚೆ ಬರುವಂತೆ, ಎಳೆದು ಇಟ್ಟಾಗ, ಹೊಸದಾಗಿ ಒಂದು ಫ್ರೇಮನ್ನೂ ಸೇರಿಸದೆ, ಇಡೀ ಕೋಣೆಯ ಉಸಿರು ಬದಲಾದದ್ದನ್ನು ಕಂಡೆ. ಆ ಅನುಭವ ಇಂದಿಗೂ ನನ್ನಲ್ಲಿ ಹಸಿಯಾಗಿದೆ. ಕಾಣೆಯಾದವರ, ಕೊಲೆಗಾರರ ಪೋಸ್ಟರನ್ನು ಆರಂಭದಲ್ಲೇ ತರುವುದೂ ಹೊಸದಲ್ಲ. ನಿರ್ದೇಶಕ ಫ್ರಿಟ್ಸ್ ಲಾಂಗ್ ಅವರ 1931ರ ಜರ್ಮನ್ ಚಿತ್ರ 'ಎಂ'ನಲ್ಲಿ, ಮಗುವೊಂದು ಕೊಲೆಗಾರನ ಬಗೆಗಿನ ಪೋಸ್ಟರಿನ ಮೇಲೆ ಚೆಂಡು ಪುಟಿಸುತ್ತಿರುವಾಗ ಅವನದೇ ನೆರಳು ಆ ಕಾಗದದ ಮೇಲೆ ಬೀಳುತ್ತದೆ. ಮಿಸ್ ಅದನ್ನು ತೋರಿಸಿದ ಮೇಲೆ ನಮ್ಮ ಪೋಸ್ಟರಿಗೆ ನೆರಳು ಬೀಳಿಸುವ ಯೋಚನೆಯನ್ನು ಬಿಟ್ಟೆವು. ಅಷ್ಟು ಚೆನ್ನಾಗಿ ಆಗಿಹೋಗಿರುವುದನ್ನು ಮತ್ತೆ ಮಾಡಬೇಕಿರಲಿಲ್ಲ. ನಮ್ಮ ಪೋಸ್ಟರಿಗೆ ಬೇಕಿದ್ದದ್ದು ವಯಸ್ಸು: ಮಗು ಕಾಣೆಯಾಗಿ ತಿಂಗಳುಗಳಾಗಿವೆ, ಜನ ನೋಡುವುದನ್ನು ಬಿಟ್ಟಿದ್ದಾರೆ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒತ್ತಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿದರೆ ಕೆಂಪು ಮಸುಕಾಗಿ, ನೀಲಿ ಹರಡಿ, ಹಳೆಯ ಕಳೆ ಬರುತ್ತದೆ. ಮಗುವಿನ ಫೋಟೊಗೆ ನಟಿಯ ಬಾಲ್ಯದ ಚಿತ್ರವನ್ನೇ ಹಾಕಿದೆವು.

ಟೈಟಲ್‌ಗಳನ್ನು ವಿದ್ಯಾರ್ಥಿ ಚಿತ್ರಗಳಲ್ಲಿ ಕೊನೆಗೆ ಅಂಟಿಸುವುದು ಸಾಮಾನ್ಯ. ಅದು ಅನ್ಯಾಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಜಾನರ್ ಅನ್ನು ಎಲ್ಲಕ್ಕಿಂತ ಮೊದಲು ಘೋಷಿಸುವುದು ಅಕ್ಷರಗಳೇ. 'ಸೆವೆನ್' (1995) ಚಿತ್ರಕ್ಕೆ ಕೈಲ್ ಕೂಪರ್ ಮಾಡಿದ ಗೀಚು ಅಕ್ಷರಗಳ ಟೈಟಲ್ ಎಷ್ಟು ಪ್ರಭಾವಿಯಾಗಿತ್ತೆಂದರೆ, ನಮ್ಮ ತರಗತಿಯ ಅರ್ಧ ಗುಂಪುಗಳ ಅಕ್ಷರಗಳೆಲ್ಲ ನಡುಗುತ್ತಿದ್ದವು. ನಾವು ಹೆಸರುಗಳನ್ನು ಬಿಳಿ ಪಟ್ಟಿಯ ಮೇಲಿನ ಕೆಂಪು ದಾರದ ಅಕ್ಷರದಂತೆ ಬರೆದೆವು. ನಟರು, ಸಂಕಲನ, ಸಂಗೀತ, ಕೊನೆಯಲ್ಲಿ ನಿರ್ದೇಶನ, ವೃತ್ತಿಪರ ಚಿತ್ರಗಳ ಕ್ರಮದಲ್ಲೇ. ಹೀಗೆ ಅರ್ಧ ನಿಮಿಷ ಆ ಅಕ್ಷರಗಳಿಗೆ ಒಗ್ಗಿಹೋದ ಕಣ್ಣು, ಸ್ವೆಟರಿನ ಕೊರಳಲ್ಲಿ ಅದೇ ಅಕ್ಷರ ಕಂಡಾಗ ತಾನಾಗಿ ಓದಿಕೊಳ್ಳುತ್ತದೆ. ಕ್ಯಾಮೆರಾ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಲಿಲ್ಲ.

ಕೊನೆಯ ಕಟ್ ಎಲ್ಲಿ ಎನ್ನುವುದರಲ್ಲಿ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. ಗಂಡಸು ಸ್ವೆಟರನ್ನು ತೋರಿಸಿ "ನನ್ನ ಮಗಳದು" ಎನ್ನುತ್ತಾನೆ. ಹುಡುಗಿ ನಕ್ಕು, ಮುಖ ತಿರುಗಿಸುತ್ತಾಳೆ. ಅವಳ ಕಣ್ಣು ಬೋರ್ಡನ್ನು ತಲುಪಬೇಕೇ, ಬೇಡವೇ? ತಲುಪಿದರೆ ನೋಡುವವರ ಅರಿವೂ ಅವಳ ಅರಿವೂ ಒಂದಾಗುತ್ತವೆ, ಅಲ್ಲಿಂದ ಮುಂದೆ ಅದು ಓಟದ ಚಿತ್ರವಾಗುತ್ತದೆ. ತಲುಪದಿದ್ದರೆ ಅವಳು ಮನೆಗೆ ಹೋಗುತ್ತಾಳೆ, ನಾವು ಮಾತ್ರ ಗುಟ್ಟನ್ನು ಹೊತ್ತು ಕೂರುತ್ತೇವೆ. ನಟಿಗೆ ಮೊದಲನೆಯದು ಬೇಕಿತ್ತು; ಆ ಹೊಳೆಯುವ ಕ್ಷಣವನ್ನು ಆಕೆ ನಿಜಕ್ಕೂ ಅದ್ಭುತವಾಗಿ ಮಾಡಿದ್ದಳು. ನಾನೂ ಕ್ಯಾಮೆರಾದವಳೂ ಎರಡನೆಯದರ ಪರ. ಪೋಲೆಂಡಿನ ಗೆಳೆಯ, ಅವಳ ಕಣ್ಣು ಬೋರ್ಡಿನತ್ತ ಹೊರಟ ಮೇಲೆ, ತಲುಪುವ ಮುಂಚೆ ಕತ್ತರಿಸಿ ಎಂದ. ಹಾಗೆ ಕತ್ತರಿಸಿದೆ. ಕಪ್ಪು ಪರದೆ, ಚಿತ್ರದ ಹೆಸರು, ಜಿಪ್ಪಿನ ಒಂದು ಟಕ್. ಮೌಲ್ಯಮಾಪನದ ಮೊದಲ ಪ್ರಶ್ನೆಗೆ ಉತ್ತರ ಬರೆಯುವಾಗ ನಾಲ್ವರೂ ಆ ಕಟ್‌ನ ಬಗ್ಗೆಯೇ ಹೆಚ್ಚು ಬರೆದೆವು. ಇಬ್ಬರು ಅದನ್ನು ರೂಢಿಯ ಬಳಕೆ ಎಂದರು, ಇಬ್ಬರು ರೂಢಿಗೆ ಎದುರು ಎಂದರು. ಮಿಸ್ ಎರಡು ವಾದಗಳನ್ನೂ ತಿದ್ದದೆ ಹಾಗೆಯೇ ಮಂಡಳಿಗೆ ಕಳಿಸಿದರು.